ಅಪರಿಚಿತರಿಗೆ ವಿದ್ಯಾದಾನ



ನಮ್ಮ ಶಾಲೆಯಿಂದ ಹೊರಟುಹೋದ ಹೆಣ್ಣುಮಕ್ಕಳಲ್ಲಿ ಕೆಲವರು ದಾದಿಯರಾಗಿಯೂ, ಕೆಲವರು ಉಪಾಧ್ಯಾಯಿನಿಯರಾಗಿಯೂ, ಕೆಲವರು ಔಷಧಶಾಸ್ತ್ರ, ವಿದ್ಯುಚ್ಛಾಸ್ತ್ರ, ಗಣಕವಿದ್ಯೆ ಮೊದಲಾದವುಗಳಲ್ಲಿ ನಿಪುಣೆಯರಾಗಿಯೂ ಬಾಳುತ್ತಿರುವದು ನಮಗೆ ಸಂತೋಷದ ವಿಷಯವಾಗಿದೆ. ಇವರು ರಜೆಯಲ್ಲಿ ಊರಿಗೆ ಬಂದಾಗ ನಮ್ಮನ್ನು ಕಂಡು, ಹಳೆಯ ಮಾತುಗಳೆಲ್ಲಾ ಮುಗಿದ ತರುವಾಯ, ಒಂದು ಪ್ರಶ್ನೆಯನ್ನು ಕೇಳುವದುಂಟು. “ಅಮ್ಮಾ, ಮುಖ ಕಾಣದ, ಹೆಸರು ಹೇಳದ ಯಾರೋ ಒಬ್ಬರು ದೂರದಿಂದ ನಮ್ಮ ಕಸಬಿನ ಸಂಗತಿಯನ್ನು ವಿಚಾರಿಸುತ್ತಾರೆ. ಮಗುವಿಗೆ ಈ ಮದ್ದನ್ನು ಎಷ್ಟು ಕೊಡಬೇಕು ಎನ್ನುತ್ತಾರೆ. ಮನೆಯ ವಿದ್ಯುತ್ ತಂತಿಯನ್ನು ಹೀಗೆ ಜೋಡಿಸಬಹುದೋ ಎನ್ನುತ್ತಾರೆ. ಹೇಳಬೇಕೋ? ಹೇಳದೆ ಇದ್ದರೆ ತಪ್ಪೋ? ಹೇಳಿದ್ದರಿಂದಲೇ ಕೇಡಾದರೆ ಆ ಹೊಣೆ ಯಾರದು?” ತಂದೆತಾಯಿಗಳಾದರೋ ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಕೇಳುತ್ತಾರೆ: “ಗುರುತಿಲ್ಲದವರ ಸಂಗಡ ನಮ್ಮ ಮಗಳಿಗೆ ಮಾತೇತಕ್ಕೆ? ಅವಳು ಕಷ್ಟಪಟ್ಟು ಕಲಿತ ವಿದ್ಯೆಯನ್ನು ದಾರಿಹೋಕರಿಗೆ ಹಂಚುವದರಿಂದ ಬರುವ ಲಾಭವೇನು?”

ಎರಡು ಪ್ರಶ್ನೆಗಳೂ ನ್ಯಾಯವಾದವುಗಳೇ. ನಮ್ಮ ಹಿರಿಯರೂ ಈ ವಿಷಯದಲ್ಲಿ ಎರಡು ಬಗೆಯಾಗಿ ನುಡಿದಿದ್ದಾರೆ. ಕೊಟ್ಟಷ್ಟೂ ಬೆಳೆಯುವ ಧನ ವಿದ್ಯೆಯೊಂದೇ ಎಂದವರು ಅವರೇ. ಮಂಗನ ಕೈಗೆ ಮಾಣಿಕ್ಯವನ್ನು ಕೊಡಬೇಡವೆಂದವರೂ ಅವರೇ. ಆದಕಾರಣ ಗಾದೆಯನ್ನು ಗಾದೆಯಿಂದ ಅಳೆಯುವದನ್ನು ಬಿಟ್ಟು, ನಿಜವಾಗಿ ನಡೆದ ಕೆಲವು ಸಂಗತಿಗಳನ್ನು ಎದುರಿಗಿಟ್ಟುಕೊಂಡು ಈ ಪಾಠವನ್ನು ವಿಚಾರಿಸೋಣ.

೧. ಬಚ್ಚಿಟ್ಟ ವಿದ್ಯೆಯ ಕಥೆ

ಕ್ರಿ.ಶ. 1569ರಲ್ಲಿ ವಿಲಿಯಂ ಚೇಂಬರ್ಲೆನ್ ಎಂಬವನು ಧರ್ಮದ ನಿಮಿತ್ತ ಹಿಂಸೆಗೆ ಹೆದರಿ, ಫ್ರಾನ್ಸ್ ದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಬಂದನು. ಅವನ ಮಕ್ಕಳಲ್ಲಿ ಇಬ್ಬರಿಗೆ ಪೀಟರ್ ಎಂದೇ ಹೆಸರು. ಇಬ್ಬರೂ ಹೆರಿಗೆಯ ವೈದ್ಯದಲ್ಲಿ ಪ್ರಸಿದ್ಧರಾದರು. ಕಷ್ಟಪ್ರಸವದಲ್ಲಿ ಮಗುವಿನ ತಲೆಯನ್ನು ಮೆಲ್ಲಗೆ ಹಿಡಿದು ಹೊರಗೆ ತರತಕ್ಕ ಇಕ್ಕಳವನ್ನು ಹಿರಿಯ ಪೀಟರನು ಕಲ್ಪಿಸಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಾಯಿ ಮಗು ಇಬ್ಬರಲ್ಲಿ ಒಬ್ಬರಾದರೂ ಸಾಯುತ್ತಿದ್ದ ಎಷ್ಟೋ ಹೆರಿಗೆಗಳಲ್ಲಿ ಇಬ್ಬರನ್ನೂ ಉಳಿಸಬಲ್ಲ ಉಪಕರಣವದು.

ಆದರೆ ಆ ಮನೆತನದವರು ಅದನ್ನು ಯಾರಿಗೂ ತೋರಿಸಲಿಲ್ಲ. ಚಿನ್ನದ ಲೇಪವುಳ್ಳ ದೊಡ್ಡ ಪೆಟ್ಟಿಗೆಯಲ್ಲಿ ಅದನ್ನು ತರುತ್ತಿದ್ದರೆಂದೂ, ಮನೆಯವರನ್ನು ಹೊರಗೆ ಕಳುಹಿಸಿ, ಹೆರುವವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರೆಂದೂ ಹೇಳಿಕೆ ಉಂಟು. 1670ರಲ್ಲಿ ಅದೇ ವಂಶದ ಹ್ಯೂ ಚೇಂಬರ್ಲೆನನು ಆ ಗುಟ್ಟನ್ನು ಮಾರುವದಕ್ಕಾಗಿ ಪ್ಯಾರಿಸಿಗೆ ಹೋದನು. ಅಲ್ಲಿ ಪ್ರಖ್ಯಾತ ವೈದ್ಯನಾದ ಮೊರಿಸೋ ಎಂಬವನು, ಎಲುಬು ಬಾಗಿದ್ದ ಒಬ್ಬ ಬಡ ಹೆಂಗಸಿನ ಅಸಾಧ್ಯವಾದ ಹೆರಿಗೆಯನ್ನು ಅವನಿಗೆ ಪರೀಕ್ಷೆಯಾಗಿ ಕೊಟ್ಟನು. ಹ್ಯೂ ಬಹಳ ಹೊತ್ತು ಪ್ರಯತ್ನಿಸಿ ಸೋತನು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ವ್ಯಾಪಾರವು ಮುರಿದುಹೋಯಿತು, ಗುಟ್ಟು ಹಿಂದಕ್ಕೆ ಬಂದಿತು. 1733ರಲ್ಲಿ ಎಡ್ಮಂಡ್ ಚಾಪ್ಮನ್ ಎಂಬ ವೈದ್ಯನು ಇಕ್ಕಳದ ವಿವರವನ್ನು ಅಚ್ಚುಹಾಕಿಸಿದ ಮೇಲೆಯೇ ಅದು ಸಾಮಾನ್ಯ ವೈದ್ಯರಿಗೆ ತಿಳಿಯುತ್ತಾ ಬಂತು. ಹಿರಿಯ ಪೀಟರನು ಮೃತನಾದದ್ದು 1631ರಲ್ಲಿ. ಅಂದರೆ ನೂರು ವರುಷಗಳಿಗೂ ಮಿಕ್ಕಿ ಈ ವಿದ್ಯೆಯು ಒಂದು ಮನೆಯ ಆಸ್ತಿಯಾಗಿ ಮುಚ್ಚಿಬಿದ್ದಿತು. 1813ರಲ್ಲಿ ಎಸೆಕ್ಸ್ ಸೀಮೆಯಲ್ಲಿ ಆ ಕುಟುಂಬದವರು ಹಿಂದೆ ವಾಸಿಸಿದ್ದ ಮನೆಯ ನೆಲಹಲಗೆಗಳ ಅಡಿಯಲ್ಲಿ ಆ ಇಕ್ಕಳಗಳು ದೊರಕಿದವು.

ಆ ನೂರು ವರುಷಗಳಲ್ಲಿ ಬೇರೆ ಊರುಗಳಲ್ಲಿ ಹೆರಿಗೆಯಾಗದೆ ಸತ್ತ ತಾಯಂದಿರನ್ನು ಎಣಿಸಿದವರು ಯಾರು? ಚೇಂಬರ್ಲೆನರು ಯಾರನ್ನೂ ಕೊಲ್ಲಲಿಲ್ಲ, ನಿಜ. ತಮ್ಮ ಕೈಗೆ ಬಂದವರನ್ನು ಉಳಿಸಿದರು ಕೂಡ. ಆದರೂ ತಲಾಂತನ್ನು ನೆಲದಲ್ಲಿ ಹೂಣಿಟ್ಟ ಆಳಿನ ಸಾಮ್ಯವನ್ನು ಬಾಲ್ಯದಿಂದಲೇ ಓದಿದ ನಾವು, ನೆಲಹಲಗೆಯ ಕೆಳಗೆ ಸಿಕ್ಕಿದ ಆ ಕಬ್ಬಿಣವನ್ನು ನೆನಸಿದರೆ ಸುಮ್ಮನಿರಲಾರೆವು. ಮೌನಕ್ಕೂ ಲೆಕ್ಕವುಂಟೆಂಬದು ನಮ್ಮ ಮೊದಲನೆಯ ಪಾಠ.

೨. ಮುಖವರಿಯದವರಿಗಾಗಿ ದುಡಿದವರು

ಗುರುತಿಲ್ಲದವರಿಗೆ ಕಲಿಸುವದು ಹೊಸದಾಗಿ ಹುಟ್ಟಿದ ಸಂಗತಿಯೆಂದು ಎಣಿಸಬಾರದು. ಪುಸ್ತಕವನ್ನು ಬರೆದ ಪ್ರತಿಯೊಬ್ಬನೂ ಇದನ್ನೇ ಮಾಡಿದ್ದಾನೆ. ಬಾಸೆಲ್ ಮಿಶನಿನ ಫರ್ಡಿನಂಡ್ ಕಿಟ್ಟೆಲರು ಅನೇಕ ವರುಷಗಳು ದುಡಿದು, ಸುಮಾರು 70,000 ಶಬ್ದಗಳುಳ್ಳ ಕನ್ನಡ ನಿಘಂಟನ್ನು 1894ರಲ್ಲಿ ಪ್ರಕಟಿಸಿದರು. ಅದನ್ನು ಮುಂದೆ ತೆರೆಯುವವರು ಯಾರು, ಅವರ ಜಾತಿ ಯಾವದು, ಮತ ಯಾವದು, ಉದ್ದೇಶವೇನು ಎಂದು ಅವರು ಕೇಳಲಿಲ್ಲ. ಕೇಳುವದು ಸಾಧ್ಯವೂ ಇರಲಿಲ್ಲ. ಅವರು 1903ರಲ್ಲಿ ತೀರಿಹೋದ ಮೇಲೆ ಹುಟ್ಟಿದವರೂ ಅವರ ಪ್ರಯಾಸದ ಫಲವನ್ನು ಉಣ್ಣುತ್ತಿದ್ದಾರೆ.

ಕೈಕಸಬಿನಲ್ಲಿಯೂ ಹೀಗೆಯೇ. 1865ರಲ್ಲಿ ಅದೇ ಮಿಶನಿನ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೂರೇ ವರುಷಗಳಲ್ಲಿ, 1868ರಲ್ಲಿ, ಪಾಸ್ಕಲ್ ಅಲ್ಬುಕರ್ಕರು ಪಾಣೆಮಂಗಳೂರಿನಲ್ಲಿ ತಮ್ಮ ಕಾರ್ಖಾನೆಯನ್ನು ತೆರೆದರು. ತರುವಾಯ ಇನ್ನೂ ಅನೇಕರು ತೆರೆದರು. ಆ ಹಂಚು ಒಂದೇ ಕಾರ್ಖಾನೆಯ ಗುಟ್ಟಾಗಿ ಉಳಿದಿದ್ದರೆ, ಇಂದು ಒಂದು ಊರಿನ ಹೆಸರನ್ನು ಹೊತ್ತು ಕರಾವಳಿಯ ಲೆಕ್ಕವಿಲ್ಲದ ಮನೆಗಳ ಮಾಡುಗಳನ್ನು ಮಳೆಯಿಂದ ಕಾಯುತ್ತಿತ್ತೋ?

೩. ಅಳತೆಯಿಲ್ಲದ ಮಾತಿನ ಅಪಾಯ

ಹಾಗಾದರೆ ಕೇಳಿದವರಿಗೆಲ್ಲಾ ಕೇಳಿದ್ದನ್ನೆಲ್ಲಾ ಹೇಳಿಬಿಡಬಹುದೋ? ಇದಕ್ಕೆ ಉತ್ತರವಾಗಿ ನಮ್ಮ ನೆರೆಯ ಬಂಗಾಳ ದೇಶದಲ್ಲಿ ನಡೆದದ್ದನ್ನು ನೋಡೋಣ.

1971ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧದ ಕಾಲದಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿಯನ್ನು ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬಂಗಾಂವ್ ಎಂಬಲ್ಲಿ ಕಾಲರಾ ಬೇನೆಯು ಹರಡಿತು. ರಕ್ತನಾಳಕ್ಕೆ ಏರಿಸತಕ್ಕ ಲವಣಜಲವು ಸಾಲದೆ ಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಎಂಬವರು ಧೈರ್ಯಮಾಡಿ, ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರಸಿ, ರೋಗಿಗಳ ಬಂಧುಗಳ ಕೈಯಿಂದಲೇ ಬಟ್ಟಲಿನಲ್ಲಿ ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು.

ಇದರ ಮರ್ಮವೇನೆಂದರೆ, ಕರುಳು ಸಕ್ಕರೆಯನ್ನು ಹೀರುವಾಗ ಅದರ ಜೊತೆಯಲ್ಲಿ ಉಪ್ಪನ್ನೂ ಒಳಗೆ ಸೆಳೆಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಶಾಸ್ತ್ರಜ್ಞನು ಈ ಸಂಗತಿಯನ್ನು ವಿವರಿಸಿದ್ದನು. ಭೇದಿಯಿಂದ ನೀರೆಲ್ಲಾ ಹೋಗುತ್ತಿರುವ ರೋಗಿಯಲ್ಲಿಯೂ ಈ ಬಾಗಿಲು ಮುಚ್ಚುವದಿಲ್ಲ. ಮಹಾಲನಬಿಸರು ಈ ವಿಧಾನವನ್ನು ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಕರಪತ್ರಗಳನ್ನು ಗಡಿಯುದ್ದಕ್ಕೂ ಹಂಚಿದರು. ಗುಪ್ತವಾಗಿ ನಡೆಯುತ್ತಿದ್ದ ಬಾಂಗ್ಲಾ ಆಕಾಶವಾಣಿಯ ಮೂಲಕವೂ ಅದನ್ನು ಸಾರಿಸಿದರು. ಆ ಧ್ವನಿಯನ್ನು ಕೇಳಿದವರಲ್ಲಿ ಒಬ್ಬರ ಮುಖವನ್ನಾದರೂ ಅವರು ನೋಡಿರಲಿಲ್ಲ.

ಆದರೆ ಸಂಗತಿಯು ಇಲ್ಲಿಗೆ ಮುಗಿಯಲಿಲ್ಲ. ಈ ನೀರಿನಲ್ಲಿ ಉಪ್ಪು ಹೆಚ್ಚಾದರೆ ಮಗುವಿನ ಮಿದುಳಿಗೆ ಕೇಡು; ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುವದು. ಕೇಳಿದ ತಾಯಿ ಸರಿಯಾಗಿ ಬೆರಸಿದಳೋ ಇಲ್ಲವೋ ಎಂದು ದೂರದಲ್ಲಿದ್ದವನಿಗೆ ತಿಳಿಯುವದು ಹೇಗೆ? ಬಾಂಗ್ಲಾದೇಶದ ಬ್ರಾಕ್ ಎಂಬ ಸಂಸ್ಥೆಯವರು ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. 1980ರಿಂದ 1990ರ ವರೆಗೆ ಅವರ ಕಾರ್ಯಕರ್ತೆಯರು ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬದಾಗಿ ತಾಯಂದಿರಿಗೆ ಕಲಿಸಿದರು. ಹೇಳಿಬಂದ ಮಾತ್ರಕ್ಕೆ ಆ ಹೆಂಗಸರಿಗೆ ಪೂರ್ಣ ಸಂಬಳವಿರಲಿಲ್ಲ. ಕೆಲವು ದಿವಸಗಳ ಮೇಲೆ ಬೇರೊಬ್ಬರು ಬಂದು, ತಾಯಿಯು ಏನನ್ನು ನೆನಪಿನಲ್ಲಿಟ್ಟಿದ್ದಾಳೆ, ಅವಳ ಕೈ ಎಷ್ಟು ಸರಿಯಾಗಿ ಬೆರಸುತ್ತದೆ ಎಂಬದನ್ನು ಪರೀಕ್ಷಿಸುತ್ತಿದ್ದರು. ಅದರ ಮೇಲೆಯೇ ಕಲಿಸಿದವಳ ಸಂಬಳ. ಉಪಾಧ್ಯಾಯಿನಿಯರಾದ ನಾವು ಇದನ್ನು ಓದಿ ಸ್ವಲ್ಪ ನಾಚಿದೆವು. ಹೇಳಿದ್ದು ಕಲಿಸಿದ್ದಾಗುವದಿಲ್ಲ, ಕೇಳಿದವಳ ಕೈ ಸರಿಯಾಗಿ ಮಾಡಿದಾಗಲೇ ಅದು ವಿದ್ಯೆ. ಇದು ಎರಡನೆಯ ಪಾಠ.

(ಈಗ ಲೋಕಾರೋಗ್ಯ ಸಂಸ್ಥೆಯವರು 2002ರಲ್ಲಿ ತಿದ್ದಿದ ಪ್ರಮಾಣದ ಓ.ಆರ್.ಎಸ್. ಪೊಟ್ಟಣಗಳು ಅಂಗಡಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ದೊರೆಯುತ್ತವೆ, ಅವೇ ಉತ್ತಮ. ಪೊಟ್ಟಣವಿಲ್ಲದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದಕ್ಕಿಂತ ಹೆಚ್ಚು ಉಪ್ಪು ಸಲ್ಲದು. ಮಗು ಕುಡಿಯಲಾರದೆ ಸೊರಗಿದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ವೈದ್ಯರ ಬಳಿಗೆ ಒಯ್ಯತಕ್ಕದ್ದು.)

೪. ಬೀಗವೂ ಬೀಗದ ಕೈಯೂ

“ಕಳ್ಳರಿಗೆ ದಾರಿ ತೋರಿಸಿದಂತಾಗುವದಿಲ್ಲವೋ?” ಎಂದು ತಂದೆತಾಯಿಗಳು ಕೇಳುವರು. 1851ರಲ್ಲಿ ಲಂಡನಿನಲ್ಲಿ ಮಹಾಪ್ರದರ್ಶನವು ನಡೆದಾಗ ಅಮೇರಿಕದ ಹಾಬ್ಸ್ ಎಂಬ ಬೀಗಗಾರನು ಅಲ್ಲಿಗೆ ಬಂದನು. ಯಾರೂ ತೆರೆಯಲಾರರೆಂದು ಹೆಸರುವಾಸಿಯಾಗಿದ್ದ ಚಬ್ ಬೀಗವನ್ನು ಅವನು ಸುಮಾರು 25 ನಿಮಿಷಗಳಲ್ಲಿ ತೆರೆದನು. ತೆರೆದವರಿಗೆ 200 ಗಿನಿ ಬಹುಮಾನವೆಂದು ಬಹುಕಾಲದಿಂದ ಅಂಗಡಿಯ ಕಿಟಿಕಿಯಲ್ಲಿ ಇಟ್ಟಿದ್ದ ಬ್ರಾಮಾ ಬೀಗವನ್ನೂ, 16 ದಿವಸಗಳಲ್ಲಿ ಹಂಚಿಹೋದ ಸುಮಾರು 51 ಗಂಟೆಗಳ ಶ್ರಮದಿಂದ ತೆರೆದನು. ಊರೆಲ್ಲಾ ಗಾಬರಿಯಾಯಿತು. ಇಂಥಾ ವಿದ್ಯೆಯನ್ನು ಬಹಿರಂಗವಾಗಿ ಚರ್ಚಿಸಬಾರದೆಂದು ಕೆಲವರು ಅಂದರು. ಇದಕ್ಕೆ ಹಾಬ್ಸನ ಪಕ್ಷದವರ ಉತ್ತರವೇನೆಂದರೆ: ಕಳ್ಳರು ತಮ್ಮ ಕಸಬನ್ನು ನಮಗಿಂತ ಮೊದಲೇ ಬಲ್ಲರು, ಬೀಗದ ದೋಷವನ್ನು ಮುಚ್ಚಿಟ್ಟರೆ ಮೋಸಹೋಗುವವರು ಅದನ್ನು ನಂಬಿ ನಿದ್ದೆಮಾಡುವ ಗೃಹಸ್ಥರೇ.

1883ರಲ್ಲಿ ಕರ್ಕ್‌ಹಾಫ್ಸ್ ಎಂಬ ಪಂಡಿತನು ಗುಪ್ತಲಿಪಿಯ ವಿಷಯದಲ್ಲಿ ಇದನ್ನೇ ಒಂದು ನಿಯಮವಾಗಿ ಮಾಡಿದನು. ಲಿಪಿಯ ವಿಧಾನವು ಶತ್ರುವಿನ ಕೈಗೆ ಸಿಕ್ಕಿದರೂ ಕೇಡಾಗಬಾರದು. ಗುಟ್ಟಾಗಿರತಕ್ಕದ್ದು ಕೀಲಿಕೈ ಒಂದೇ. ಈ ಭೇದವನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕಲಿಯಬೇಕೆಂದು ನಾವು ಬೇಡುತ್ತೇವೆ. ಬೀಗವು ಹೇಗೆ ಕೆಲಸಮಾಡುತ್ತದೆಂದು ಅಪರಿಚಿತನಿಗೆ ಹೇಳುವದು ವಿದ್ಯೆ. ನಮ್ಮ ಮನೆಯ ಬೀಗದ ಕೈಯನ್ನು ಅವನ ಕೈಗಿಡುವದು ಮೂರ್ಖತನ. ದೂರವಾಣಿಯಲ್ಲಿ ಬ್ಯಾಂಕಿನವನೆಂದು ಹೇಳಿಕೊಂಡು, ಆಗತಾನೇ ಬಂದ ಅಂಕೆಗಳನ್ನು ಓದಿಹೇಳಿರೆಂದು ಕೇಳುವವನು ವಿದ್ಯೆಯನ್ನು ಕೇಳುತ್ತಿಲ್ಲ, ಕೈಯನ್ನು ಕೇಳುತ್ತಾನೆ. ಅವನಿಗೆ ಉತ್ತರವೇ ಬೇಡ. ವಿಧಾನವನ್ನು ಹಂಚಿರಿ, ಕೀಲಿಕೈಯನ್ನು ಕಾಯಿರಿ. ಇದು ಮೂರನೆಯ ಪಾಠ.

೫. ತಡೆದಿಡತಕ್ಕ ವಿದ್ಯೆಯೂ ಉಂಟು

ಆದರೂ ಕೆಲವು ವಿದ್ಯೆಗಳಲ್ಲಿ ವಿಧಾನವೇ ಕತ್ತಿಯಾಗಿರುವದು. 1939ರ ಆರಂಭದಲ್ಲಿ ಯುರೇನಿಯಂ ಪರಮಾಣುವನ್ನು ಒಡೆಯಬಹುದೆಂಬ ವರ್ತಮಾನವು ಪ್ರಕಟವಾದಾಗ, ಅದರಿಂದ ಭಯಂಕರವಾದ ಬಾಂಬು ಹುಟ್ಟೀತೆಂದು ಲಿಯೋ ಸಿಲಾರ್ಡ್ ಎಂಬ ಶಾಸ್ತ್ರಜ್ಞನು ಅಂಜಿದನು. ಹಿಟ್ಲರನ ಕೈಗೆ ಈ ಜ್ಞಾನವು ಬೀಳಬಾರದು, ಸ್ವಲ್ಪಕಾಲ ಫಲಿತಗಳನ್ನು ಪ್ರಕಟಿಸಬೇಡಿರೆಂದು ಸಹೋದ್ಯೋಗಿಗಳನ್ನು ಬೇಡಿಕೊಂಡನು. ಪ್ಯಾರಿಸಿನ ಜೋಲಿಯೋ ಕ್ಯೂರಿಯವರು ಒಪ್ಪದೆ, ಅದೇ ವರುಷ ತಮ್ಮ ಫಲಿತಗಳನ್ನು ಪ್ರಕಟಿಸಿದರು. ಶಾಸ್ತ್ರವು ಎಲ್ಲರ ಸ್ವತ್ತೆಂಬ ನಂಬಿಕೆ ಒಂದು ಕಡೆ, ಲೋಕನಾಶದ ಭಯ ಮತ್ತೊಂದು ಕಡೆ. 1940ರಿಂದ ಅಮೇರಿಕದ ಶಾಸ್ತ್ರಜ್ಞರು ತಾವಾಗಿಯೇ ಇಂಥಾ ಲೇಖನಗಳನ್ನು ತಡೆಹಿಡಿದರು. 1945ರಲ್ಲಿ ಹಿರೋಶಿಮಾ ನಾಗಸಾಕಿ ಪಟ್ಟಣಗಳಿಗೆ ಆದ ಗತಿಯನ್ನು ಬಲ್ಲ ನಾವು ಸಿಲಾರ್ಡನ ಅಂಜಿಕೆಯನ್ನು ಹಾಸ್ಯಮಾಡಲಾರೆವು. ಆ ಬಾಂಬನ್ನು ಮಾಡಿದವರು ಗುಟ್ಟನ್ನು ಕಾದವರ ಪಕ್ಷದವರೇ ಎಂಬದನ್ನೂ ಮರೆಯಲಾರೆವು. ಆದಕಾರಣ ಗುಟ್ಟು ತಾನಾಗಿಯೇ ಪುಣ್ಯವಲ್ಲ, ಪ್ರಕಟನೆಯು ತಾನಾಗಿಯೇ ಪುಣ್ಯವಲ್ಲ. ನಾವು ಕೊಡುವ ವಿದ್ಯೆಯಿಂದ ಆಗಬಹುದಾದ ಕೇಡು ಎಷ್ಟು ದೊಡ್ಡದು, ಅದನ್ನು ಮರಳಿ ಸರಿಪಡಿಸಲು ಸಾಧ್ಯವೋ ಎಂದು ಮೊದಲು ಅಳೆಯಬೇಕು. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ವಿಷದ ಪ್ರಮಾಣ ತಪ್ಪಿದರೆ ಬಿಚ್ಚಲಾಗದು. ಇದು ನಾಲ್ಕನೆಯ ಪಾಠ.

೬. ಸಮಾರ್ಯದವನ ಮಾದರಿ

ಈ ಎಲ್ಲಾ ಮಾತುಗಳನ್ನು ಒಂದು ಕಡೆ ಕೂಡಿಸುವದಕ್ಕೆ ನಮಗೆ ಬೇರೆ ಶಾಸ್ತ್ರಗ್ರಂಥ ಬೇಡ. ಲೂಕನ ಸುವಾರ್ತೆಯಲ್ಲಿರುವ ಆ ಪರಿಚಿತವಾದ ಸಾಮ್ಯವು ಸಾಕು. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನ ಹೆಸರನ್ನು ಸಮಾರ್ಯದವನು ಕೇಳಲಿಲ್ಲ. ನೀನು ಯಾರು, ಯಾರ ಮಗ, ನನಗೆ ಏನು ಕೊಡುವಿ ಎಂದು ವಿಚಾರಿಸಲಿಲ್ಲ. ಆದರೆ ಅವನು ಗಾಯವನ್ನು ನೋಡಿದನು. ಹತ್ತಿರಕ್ಕೆ ಹೋಗಿ ನೋಡಿದ್ದರಿಂದಲೇ ಎಲ್ಲಿ ಎಣ್ಣೆ ಹೊಯ್ಯಬೇಕು, ಎಲ್ಲಿ ಕಟ್ಟಬೇಕು ಎಂಬದು ಅವನಿಗೆ ತಿಳಿಯಿತು.

ಇಲ್ಲಿ ನಮ್ಮ ಪ್ರಶ್ನೆಯ ಗಂಟು ಬಿಚ್ಚುವದು. ದೂರದಿಂದ ಕೇಳುವವನ ಹೆಸರು ನಮಗೆ ತಿಳಿಯದಿರುವದು ದೊಡ್ಡ ತೊಡಕಲ್ಲ. ಅವನ ಗಾಯವು ನಮಗೆ ಕಾಣದಿರುವದೇ ತೊಡಕು. ಮಗುವಿಗೆ ಜ್ವರದ ಮದ್ದು ಎಷ್ಟು ಎಂದು ಕೇಳಿದವಳು ಮಗುವಿನ ತೂಕವನ್ನು ಹೇಳಿರಲಿಕ್ಕಿಲ್ಲ. ಆಗಲೇ ಎರಡು ಬೇರೆ ಮದ್ದುಗಳನ್ನು ಕುಡಿಸಿದ್ದನ್ನು ಮರೆತಿರಬಹುದು. ಆದಕಾರಣ ಹೆಸರನ್ನು ಕೇಳುವದಕ್ಕೆ ಬದಲಾಗಿ ಗಾಯವನ್ನು ವಿಚಾರಿಸಿರಿ. ಮಗುವಿನ ವಯಸ್ಸೆಷ್ಟು? ತೂಕವೆಷ್ಟು? ಎಷ್ಟು ದಿವಸಗಳಿಂದ? ಬೇರೇನು ಕೊಟ್ಟಿರಿ? ತಂತಿಯ ವಿಷಯವಾದರೆ, ಮೊದಲು ವಿದ್ಯುತ್ತನ್ನು ನಿಲ್ಲಿಸಿದ್ದೀರೋ? ನಿಜವಾದ ಅಗತ್ಯವುಳ್ಳವನು ಇವಕ್ಕೆ ಉತ್ತರಕೊಡುವನು. ಕೆಡುಕನ್ನು ಯೋಚಿಸಿದವನು ಅನೇಕ ವೇಳೆ ಈ ಪ್ರಶ್ನೆಗಳ ಮುಂದೆ ತಡವರಿಸುವನು.

ಆ ಪುಣ್ಯಾತ್ಮನು ಇನ್ನೊಂದು ಕೆಲಸವನ್ನೂ ಮಾಡಿದನು. ನಾವು ಇದನ್ನು ಓದಿಯೂ ಗಮನಿಸದೆ ಹೋಗುತ್ತೇವೆ. ಅವನು ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದು, ಅಲ್ಲಿಯವನಿಗೆ ಒಪ್ಪಿಸಿದನು. ಎಲ್ಲವನ್ನೂ ತಾನೇ ಮಾಡುವೆನೆಂಬ ಹೆಮ್ಮೆ ಅವನಿಗಿರಲಿಲ್ಲ. ನಿಮ್ಮ ವಿದ್ಯೆಯು ಎಲ್ಲಿಗೆ ಮುಗಿಯುವದೋ ಅಲ್ಲಿ ನಿಂತು, “ಇದಕ್ಕೆ ಮುಂದೆ ನನಗೆ ತಿಳಿಯದು, ಹತ್ತಿರದ ವೈದ್ಯರಿಗೆ ತೋರಿಸಿರಿ” ಎಂದು ಹೇಳುವದು ಸೋಲಲ್ಲ. ಅದೂ ಒಂದು ಪೂರ್ಣವಾದ ಉತ್ತರವೇ. ತಿಳಿಯದ್ದನ್ನು ತಿಳಿದಂತೆ ಹೇಳಿ ಪಡೆದ ವಂದನೆಗಿಂತ ಇದು ಎಷ್ಟೋ ಮೇಲು.

ತಂದೆತಾಯಿಗಳಿಗೆ ಒಂದು ಮಾತು. ನಿಮ್ಮ ಮಗಳ ಹೆಸರು, ಮನೆ, ಚಿತ್ರ, ಇವು ಅವಳ ಬೀಗದ ಕೈಗಳು. ಇವನ್ನು ಕಾಯುವದಕ್ಕೆ ಅವಳಿಗೆ ಸಹಾಯಮಾಡಿರಿ. ಆದರೆ ಅವಳ ವಿದ್ಯೆಯು ದೀಪ. ಅದರ ಮೇಲೆ ಕೊಳಗವನ್ನು ಕವುಚಬೇಡಿರಿ. ಅವಳು ತನ್ನ ಹೆಸರನ್ನು ಹೇಳದೆ ಇನ್ನೊಬ್ಬಳಿಗೆ ಒಂದು ಒಳ್ಳೆಯ ಉತ್ತರವನ್ನು ಕೊಟ್ಟರೆ, ಕೇಳಿದವಳೂ ಅನಾಮಿಕಳು, ಕೊಟ್ಟವಳೂ ಅನಾಮಿಕಳು. ಎಡಗೈಗೆ ತಿಳಿಯದ ಬಲಗೈಯ ದಾನವೆಂದರೆ ಇದಲ್ಲವೇ? ಇಂಥಾ ದಾನಕ್ಕೆ ಕೃತಜ್ಞತೆ ಬರುವದೆಂಬ ನಿರೀಕ್ಷೆ ಬೇಡ. ಸ್ವಸ್ಥರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯೂ ಸ್ವಸ್ಥರಾಗಿಯೇ ಹೋದರು.

ಮನೆಯಲ್ಲಿ ಯೋಚಿಸತಕ್ಕ ಪ್ರಶ್ನೆಗಳು

1. ನಿಮಗೆ ತಿಳಿದ ವಿದ್ಯೆಗಳಲ್ಲಿ ಯಾವದನ್ನು ಮುಖವರಿಯದವರಿಗೆ ನಿರ್ಭಯವಾಗಿ ಹೇಳಬಹುದು? ಯಾವದನ್ನು ಕೇಳಿ ವಿಚಾರಿಸಿ ಹೇಳಬೇಕು? ಯಾವದನ್ನು ಹೇಳಬಾರದು? ಒಂದೊಂದಕ್ಕೆ ಒಂದೊಂದು ಉದಾಹರಣೆಯನ್ನು ಬರೆಯಿರಿ.

2. ನಿಮ್ಮ ಕಸಬಿನಲ್ಲಿ ನಿಮ್ಮ ಅರಿವು ಮುಗಿಯುವ ಸ್ಥಳ ಯಾವದು? ಅಲ್ಲಿ ಯಾರಿಗೆ ಒಪ್ಪಿಸುವಿರಿ?

3. ಇಂದು ನಿಮಗೆ ಅನ್ನಕೊಡುವ ವಿದ್ಯೆಯಲ್ಲಿ ಎಷ್ಟು ಪಾಲು ನೀವು ಎಂದೂ ನೋಡದವರಿಂದ ಬಂದದ್ದು?

ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರವನ್ನು ಬರೆದವಳಿಗೆ ಮೊದಲನೆಯದು ಸುಲಭವಾಗುವದೆಂದು ನಮ್ಮ ನಂಬಿಕೆ. ಸರ್ವಜ್ಞಾನದ ಮೂಲನಾದ ದೇವರು ನಮ್ಮ ಹೆಣ್ಣುಮಕ್ಕಳಿಗೆ ತೆರೆದ ಕೈಯನ್ನೂ, ಎಚ್ಚರವಾದ ಕಣ್ಣನ್ನೂ ಅನುಗ್ರಹಿಸಲಿ.